ಥ್ರಿಲ್ಲರ್ ಎರಡನೇ ಭಾಗ ಹನ್ನೆರಡನೇ ಅಧ್ಯಾಯಕ್ಕೆ ನಿಂತಿದೆ, ದಾರಿ ಹೇಳಿ

ಕೇಳಿದವರು, ಕೋಲಾರ:
ಮೊದಲ ಕಾದಂಬರಿಯ ಕಥೆ 2016ರದ್ದು. ಕೆಜಿಎಫ್‌ನಲ್ಲಿ ಬಡ್ಡಿ ವ್ಯಾಪಾರಿಯ ಕೊಲೆ. ಕೊಂದವನು ಕೊನೆಗೆ ಹಳೇ ಗಣಿಯ ಶಾಫ್ಟ್‌ಗೆ ಬಿದ್ದ, ಹೆಣ ಸಿಗಲಿಲ್ಲ. ಕಾರನ್ನು ಕೋಲಾರ ತಾಲ್ಲೂಕಿನ ಒಂದು ಒಣಕೆರೆಯಲ್ಲಿ ಜೆಸಿಬಿಯಿಂದ ಹೂತಿದ್ದಾರೆ. ಇದು ಓದುಗರಿಗೆ ಗೊತ್ತು, ಇನ್‌ಸ್ಪೆಕ್ಟರ್‌ಗೆ ಗೊತ್ತಿಲ್ಲ. ಎರಡನೇ ಭಾಗವನ್ನು 2019ಕ್ಕೆ ಇಟ್ಟಿದ್ದೇನೆ. ಕೊಲೆಗಾರ ಬದುಕಿ ಬಂದ ಅಂದರೆ ನಗೆಪಾಟಲು. ಹೊಸಬನನ್ನು ತಂದರೆ ಅದು ಬೇರೆಯದೇ ಪುಸ್ತಕ. ಏನು ಮಾಡಲಿ?

ತುಮಕೂರಿನಿಂದ:
ಸರ್, ಸದ್ಯಕ್ಕೆ ಹೊಸದಾಗಿ ಏನೂ ಹುಟ್ಟಿಸಬೇಡಿ. ಮೊದಲ ಪುಸ್ತಕದ ಒಂದು ಪ್ರತಿ, ಎರಡು ಪೆನ್ನು ತಗೊಳ್ಳಿ. ನಿರೂಪಕ ಹೇಳಿದ್ದಕ್ಕೆ ಕೆಂಪು ಗೆರೆ, ಪಾತ್ರಗಳು ಬಾಯಿಬಿಟ್ಟು ಹೇಳಿದ್ದಕ್ಕೆ ನೀಲಿ. ಕೆಂಪನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಓದುಗ ಮೋಸ ಅಂತಾನೆ. ನೀಲಿಯೆಲ್ಲ ನಿಮ್ಮ ಬಂಡವಾಳ. ಪಾತ್ರ ಸುಳ್ಳಾಡಿರಬಹುದು, ಕತ್ತಲಲ್ಲಿ ತಪ್ಪು ಕಂಡಿರಬಹುದು. "ಶಾಫ್ಟ್‌ಗೆ ಬಿದ್ದ" ಅನ್ನೋದು ಯಾವ ಬಣ್ಣ? ನಿರೂಪಕನೇ ಬೀಳಿಸಿದ್ದರೆ ಅವನ ಕಥೆ ಮುಗೀತು. ಕಾವಲುಗಾರನೋ ಯಾರೋ ಬಂದು ಹೇಳಿದ್ದಾದರೆ, "ಅವನು ಬದುಕಿದ್ದಾನಾ" ಅನ್ನೋದನ್ನ ಬಿಡಿ, "ಕಾವಲುಗಾರ ಯಾಕೆ ಹಾಗಂದ" ಅಂತ ಕೇಳಿ. ಹೊಸ ಕೊಲೆಗಾರ ಬೇಕಿಲ್ಲ, ಹಳೇ ಸಾಕ್ಷಿ ಸಾಕು. ಆದರೆ ನೀಲಿಯಲ್ಲಿ ಎರಡು ಮೂರನ್ನಷ್ಟೇ ಸುಳ್ಳು ಮಾಡಿ. ಹೆಚ್ಚಾದರೆ ಮೊದಲ ಭಾಗದ ಇನ್‌ಸ್ಪೆಕ್ಟರ್ ಶುದ್ಧ ದಡ್ಡನಾಗಿ ಕಾಣ್ತಾನೆ.

ಗೌರಿಬಿದನೂರಿನಿಂದ:
ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಇನ್‌ಸ್ಪೆಕ್ಟರೇ "ನಾನು" ಅಂತ ಕಥೆ ಹೇಳುತ್ತಿದ್ದರೆ ಕೆಂಪೂ ನೀಲಿಯೇ, ನಿರೂಪಕನೂ ಒಂದು ಪಾತ್ರವೇ ಆದನಲ್ಲ.

ಕೋಲಾರದಿಂದಲೇ:
ಎಲ್ಲರೂ ಶಾಫ್ಟ್ ನೋಡ್ತಿದ್ದೀರಿ, ಕಥೆ ಕೆರೆಯಲ್ಲಿದೆ. ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸೋದು) ಲಕ್ಷ್ಮೀಸಾಗರ ಕೆರೆಗೆ ಬಂದದ್ದು 2018ರ ಜೂನ್‌ನಲ್ಲಿ. ಅಲ್ಲಿಂದ ಒಂದು ಕೆರೆ ತುಂಬಿ ಕೋಡಿ ಹರಿದರೆ ಮುಂದಿನ ಕೆರೆಗೆ. 2019 ಅಂತ ಇಟ್ಟರೆ ಕಾರು ಆಗಲೇ ಬೆಂಗಳೂರಿನ ಸಂಸ್ಕರಿಸಿದ ನೀರಿನಡಿ ಇರಬಹುದು, ಯಾರಿಗೂ ಅವಸರವಿಲ್ಲ. ಹನ್ನೆರಡಕ್ಕೆ ನಿಂತಿರೋದು ಅದಕ್ಕೇ ಇರಬೇಕು. ಕಥೆಯನ್ನು 2018ರ ಏಪ್ರಿಲ್‌ಗೆ ಎಳೆಯಿರಿ. ನಿಮ್ಮ ಕೆರೆಯನ್ನು ಸಾಲಿನಲ್ಲಿ ಮೂರನೆಯದು ಮಾಡಿ, ಹೆಸರು ಕಲ್ಪನೆಯದೇ ಇರಲಿ. ಹೂತವರಿಗೆ ನೀರು ಬರುವ ಮೊದಲು ಕಾರು ತೆಗೆಯಬೇಕಾದ ಕಾರಣ ಒಂದು ಕೊಡಿ, ಡಿಕ್ಕಿಯಲ್ಲಿ ಉಳಿದ ಅಡಮಾನ ಪತ್ರಗಳೋ ಏನೋ. ಮೇಲಿನ ಕೆರೆ ಕೋಡಿ ಹರಿದ ಬೆಳಿಗ್ಗೆಯೇ ನಿಮ್ಮ ಹನ್ನೆರಡನೇ ಅಧ್ಯಾಯ.

ಹೂತ ಗುಂಡಿಯ ಲೆಕ್ಕವೂ ಇರಲಿ. 5 ಮೀಟರ್ ಉದ್ದ, 2.5 ಅಗಲ, 2.5 ಆಳ ಅಂದರೆ ಸುಮಾರು 31 ಘನ ಮೀಟರ್ ಮಣ್ಣು. ಕಾರು ಇಳಿದ ಮೇಲೆ ಅಷ್ಟೂ ವಾಪಸ್ ಹಿಡಿಯಲ್ಲ, ದಿಬ್ಬ ಉಳಿಯುತ್ತೆ. ದಿಬ್ಬ ಹರಡಿದರೂ ಎರಡು ಮಳೆಗಾಲಕ್ಕೆ ಸಡಿಲ ಮಣ್ಣು ಕುಸಿದು ಕಾರಿನಳತೆಯ ತಗ್ಗು ಬೀಳುತ್ತೆ. ಮಳೆ ಬಂದಾಗ ಸುತ್ತ ಒಣಗಿದರೂ ಅಲ್ಲಿ ಮಾತ್ರ ನೀರು ನಿಂತಿರುತ್ತೆ. ಕುರಿ ಕಾಯೋರ ಕಣ್ಣಿಗೆ ಅದು ತಪ್ಪಲ್ಲ. ಸಿಕ್ಕಮೇಲೆ ನಂಬರ್ ಪ್ಲೇಟ್ ಕಿತ್ತಿದ್ದರೂ ಚಾಸಿಸ್ ನಂಬರ್ ಉಂಟಲ್ಲ.

ಚಿಕ್ಕಬಳ್ಳಾಪುರದಿಂದ:
ಕಾನೂನಿನ ಕಡೆ ನಾಲ್ಕು ಮಾತು. ಹೆಣ ಸಿಗದವನನ್ನು ಸತ್ತ ಅಂತ ಭಾವಿಸಲು ಸಾಮಾನ್ಯವಾಗಿ 7 ವರ್ಷ ಸುದ್ದಿಯಿಲ್ಲದೆ ಕಳೆಯಬೇಕು. 2018ಕ್ಕೆ ಎರಡೇ ವರ್ಷ, ಹಾಗಾಗಿ ದೋಷಾರೋಪಪಟ್ಟಿಯಲ್ಲಿ ಅವನನ್ನು "ತಲೆಮರೆಸಿಕೊಂಡಿರುವ ಆರೋಪಿ" ಅಂತ ತೋರಿಸಿ. ಮುಂದಿನ ತನಿಖೆಗೆ ಆಗ ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 173(8) ಇತ್ತು. ಫೈಲ್ ತೆರೆಯಲು ಇನ್‌ಸ್ಪೆಕ್ಟರ್‌ಗೆ ಕನಸು ಬೀಳಬೇಕಿಲ್ಲ. ಕೊಲೆಗೆ ಐಪಿಸಿ 302 ಅಂತಲೇ ಬರೆಯಿರಿ, ಅದರ ಬದಲಿಗೆ ಭಾರತೀಯ ನ್ಯಾಯ ಸಂಹಿತೆಯ 103 ಬಂದದ್ದು 2024ರ ಜುಲೈ 1ರಿಂದ.

ಕಾಲ್ ರೆಕಾರ್ಡ್ (ಯಾರು ಯಾರಿಗೆ ಯಾವಾಗ ಫೋನ್ ಮಾಡಿದರು ಅನ್ನೋ ಪಟ್ಟಿ) ವಿಷಯದಲ್ಲಿ ಬಹಳ ಮಂದಿ ಜಾರ್ತಾರೆ. ಆಗ ಫೋನ್ ಕಂಪನಿಗಳು ಕಡ್ಡಾಯವಾಗಿ ಇಡಬೇಕಿದ್ದದ್ದು ಒಂದು ವರ್ಷದ ವಿವರ. ಅದು ಎರಡು ವರ್ಷ ಆದದ್ದು 2021ರ ಡಿಸೆಂಬರ್‌ನಲ್ಲಿ. 2016ರಲ್ಲೇ ತರಿಸಿ ಫೈಲಿಗೆ ಸೇರಿಸಿದ ನಂಬರುಗಳಷ್ಟೇ ಕೈಯಲ್ಲಿರುತ್ತವೆ. ಕಾವಲುಗಾರನ ನಂಬರ್ ಆಗ ಕೇಳಿರದಿದ್ದರೆ ಹೋಯ್ತು ಅಂತಲೇ ಇಟ್ಟುಕೊಳ್ಳಿ, ನಿಮಗೂ ಅದೇ ಒಳ್ಳೇದು. ಸುಳಿವು ಜೆಸಿಬಿ ಮಾಲೀಕನ ಡೈರಿಯಿಂದ ಬರಲಿ. ಬಾಡಿಗೆ ಗಂಟೆ ಲೆಕ್ಕದ್ದು, ದಿನಾಂಕ, ಗಂಟೆ, ಜಾಗ ಬರೆದಿಟ್ಟಿರ್ತಾರೆ.

ಕೆಜಿಎಫ್‌ನಿಂದ:
ಅಣ್ಣಾ, ಕೆಜಿಎಫ್‌ಗೆ ಬೇರೆ ಎಸ್‌ಪಿ, ಕೋಲಾರಕ್ಕೆ ಬೇರೆ ಎಸ್‌ಪಿ. ಕೊಲೆ ಇಲ್ಲಿ, ಕಾರು ಅಲ್ಲಿ. ನಿಮ್ಮ ಇನ್‌ಸ್ಪೆಕ್ಟರ್ ಕೋಲಾರ ಠಾಣೆಗೆ ತಿಳಿಸದೆ ಕೆರೆ ಅಗೆಯಲು ಹೋದರೆ ಅಲ್ಲೇ ಎರಡು ಅಧ್ಯಾಯದ ಜಗಳ ಇದೆ. ಹೆಣ ಸಿಗಲಿಲ್ಲ ಅನ್ನೋದನ್ನ ಯಾರೂ ಪ್ರಶ್ನಿಸಲ್ಲ. ಗಣಿ 2001ರಲ್ಲಿ ಮುಚ್ಚಿದೆ, ಒಳಗೆಲ್ಲ ನೀರು, ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ. ಕಾವಲುಗಾರ ಮೊದಲ ಭಾಗದಲ್ಲಿ ತಮಿಳು ಬೆರೆಸಿ ಮಾತಾಡಿದ್ದರೆ ಎರಡನೆಯದರಲ್ಲಿ ದಯವಿಟ್ಟು ಧಾರವಾಡದ ಕನ್ನಡ ಆಡಿಸಬೇಡಿ.

ಕೇಳಿದವರು:
ಈಗಷ್ಟೇ ನೋಡಿದೆ. ಬಿದ್ದ ಅಂತ ಹೇಳೋದು ಕಾವಲುಗಾರನೇ, 212ನೇ ಪುಟ, ನೀಲಿ. ಆದರೆ ಅದರ ಮೇಲಿನ ಸಾಲಿನಲ್ಲಿ ಅವನ ಕೈಲಿ ಟಾರ್ಚ್ ಇತ್ತು ಅಂತ ನಿರೂಪಕ ಹೇಳಿಬಿಟ್ಟಿದ್ದಾನೆ. ಕತ್ತಲಲ್ಲಿ ಕಾಣಲಿಲ್ಲ ಅನ್ನೋ ಹಾಗಿಲ್ಲ, ಬೇಕಂತಲೇ ಸುಳ್ಳು ಹೇಳಿರಬೇಕು.