ಸಭೆಯ ಲೆಕ್ಕ ಕೇಳಿದ್ದಕ್ಕೆ ಶಾಪ ಹಾಕಿದ್ದಾರೆ, ಏನು ಮಾಡಲಿ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ: ಮಳೆಗಾಲಕ್ಕೆ ಮುಂಚೆ ಪ್ರಾರ್ಥನಾಲಯಕ್ಕೆ ಶೀಟ್ ಹಾಕಿಸಬೇಕು ಅಂತ ಅಡಿಕೆ ದುಡ್ಡು ಬಂದಾಗ ಎಲ್ಲರೂ ಕಾಣಿಕೆ ಕೊಟ್ಟೆವು. ಶೀಟ್ ಬರಲೇ ಇಲ್ಲ. ಲೆಕ್ಕ ಕೇಳಿದ್ದಕ್ಕೆ ಪಾಸ್ಟರ್, "ದೇವರು ಅಭಿಷೇಕಿಸಿದವರನ್ನು ಮುಟ್ಟಬೇಡ, ಮಕ್ಕಳಿಗೆ ಶಾಪ ತಟ್ಟುತ್ತೆ" ಅಂದರು. ಮಗಳ ಮದುವೆ ಮಾಡಿಸಲ್ಲ ಅಂತಲೂ ಹೇಳಿದ್ದಾರೆ. ರಾತ್ರಿ ನಿದ್ದೆ ಬರ್ತಿಲ್ಲ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಸಾಗರದಿಂದ: ಅಕ್ಕ, ನಮಗೂ ಇದೇ ಮಾತು ಹೇಳಿದ್ದರು. ಬೈಬಲ್ ತೆಗೆದು ನೋಡಿದೆವು. ಅದು ಕೀರ್ತನೆ 105ರಲ್ಲಿ, 14 ಮತ್ತು 15ನೇ ವಚನಗಳಲ್ಲಿದೆ. ಅಲ್ಲಿ ದೇವರು ಗದರಿಸುವುದು ಅರಸರನ್ನು. ಅಬ್ರಹಾಮನ ಮನೆಯವರು ಸ್ವಂತ ನೆಲವಿಲ್ಲದೆ ದೇಶ ದೇಶ ಅಲೆಯುತ್ತಿದ್ದರು. ಅವರ ತಂಟೆಗೆ ಹೋಗಬೇಡಿ ಅಂತ ಬಂದ ಮಾತು ಅದು. ದಿಕ್ಕಿಲ್ಲದವರನ್ನು ಕಾಯೋ ವಚನದಿಂದಲೇ ಅವರ ಬಾಯಿ ಮುಚ್ಚಿಸ್ತಾರಲ್ಲ, ಹೊಟ್ಟೆ ಉರಿಯುತ್ತೆ.

ದಾವೀದನ ಹೆಸರೂ ಎತ್ತುತ್ತಾರೆ. ತನ್ನ ಜೀವ ತೆಗೆಯಲು ಹುಡುಕುತ್ತಿದ್ದ ಅರಸ ಸೌಲನನ್ನು, ದೇವರು ಅಭಿಷೇಕಿಸಿದವನು ಅಂತ, ಅವನು ಕೊಲ್ಲಲಿಲ್ಲ, ನಿಜ. ಆದರೆ ಸುಮ್ನೆ ಕೂರಲೂ ಇಲ್ಲ. ಸೌಲನ ಜೊತೆ 3000 ಜನ ಇದ್ದರು. ದಾವೀದ ಗವಿಯಿಂದ ಹೊರಗೆ ಬಂದು, ಕತ್ತರಿಸಿದ ಅಂಗಿಯ ತುಂಡು ತೋರಿಸಿ, ನನ್ನ ತಪ್ಪೇನು ಅಂತ ಕೂಗಿ ಕೇಳಿದ. ಲೆಕ್ಕ ಕೇಳೋದು ಕೈ ಎತ್ತಿದ ಹಾಗಲ್ಲ, ಅಲ್ವಾ?

ತೋಟ ಇರೋರಿಗೆ ನಾಬೋತನ ಸಂಕಟ ಬೇಗ ಅರ್ಥವಾಗುತ್ತೆ. ಪಿತ್ರಾರ್ಜಿತ ದ್ರಾಕ್ಷಿ ತೋಟವನ್ನು ಅರಸ ಅಹಾಬನಿಗೆ ಕೊಡಲ್ಲ ಅಂದ, ಅಷ್ಟೇ. ರಾಣಿ ಈಜೆಬೆಲಳು ಅರಸನ ಮುದ್ರೆ ಒತ್ತಿ ಪತ್ರ ಬರೆದಳು. ಮೊದಲು ಉಪವಾಸ ಸಾರಿಸಿದಳು! ಆಮೇಲೆ ಇಬ್ಬರು ಸುಳ್ಳು ಸಾಕ್ಷಿ, ದೇವದೂಷಣೆಯ ಆರೋಪ, ಕಲ್ಲೇಟು. ಭಕ್ತಿಯ ಹೆಸರಲ್ಲೇ ಎಲ್ಲ ಮುಗಿಸಿದರು. ಅಹಾಬ ತೋಟ ವಶಮಾಡಿಕೊಳ್ಳೋಕೆ ಹೋದಾಗ ಪ್ರವಾದಿ ಎಲೀಯ ಅಲ್ಲೇ ಹೋಗಿ ಎದುರು ನಿಂತ. 1 ಅರಸುಗಳು 21, ಮನೆಯವರೆಲ್ಲ ಕೂತು ಓದಿ.

ಭದ್ರಾವತಿಯಿಂದ: ನಮ್ಮ ಸಭೆಯಲ್ಲಿ ಆರಾಧನೆ ಮುಗಿದ ಕೂಡಲೇ ಮೂವರು ಕೂತು ಕಾಣಿಕೆ ಎಣಿಸುತ್ತಾರೆ. ಪುಸ್ತಕದಲ್ಲಿ ಮೂವರೂ ಸಹಿ ಹಾಕ್ತಾರೆ. ಯಾರಿಗೂ ಅವಮಾನ ಅನ್ನಿಸಿಲ್ಲ. ಅಪೊಸ್ತಲ ಪೌಲನೇ ಚಂದಾ ಹಣದ ಜೊತೆ ಸಭೆಗಳು ಆರಿಸಿದ ಸಹೋದರನನ್ನು ಇಟ್ಟುಕೊಂಡ, ನಾಳೆ ಯಾರೂ ತಪ್ಪು ಹೊರಿಸಬಾರದು ಅಂತ (2 ಕೊರಿಂಥ 8).

ಶಿವಮೊಗ್ಗದಿಂದ: ಮತ್ತಾಯ 18ರಲ್ಲಿ ಮೊದಲು ಒಬ್ಬರೇ ಹೋಗಿ ಮಾತಾಡಿ ಅಂತಿದೆ. ನೀವು ಆಗಲೇ ಕೇಳಿದ್ದೀರಿ, ಹೆದರಿಸಿದ್ದಾರೆ. ಮತ್ತೆ ಒಬ್ಬರೇ ಹೋಗಬೇಡಿ. ಮುಂದಿನ ವಚನದಂತೆ ಇಬ್ಬರನ್ನು ಕರ್ಕೊಂಡು ಹೋಗಿ. ಕಾಣಿಕೆ ಕೊಟ್ಟವರೆಲ್ಲ ಸೇರಿ ಲೆಕ್ಕವನ್ನು ಬರಹದಲ್ಲಿ ಕೇಳಿ, ಒಂದು ಪ್ರತಿ ನಿಮ್ಮ ಹತ್ರ ಇರಲಿ. ತಪ್ಪು ಮಾಡಿದ ಹಿರಿಯರನ್ನು ಎಲ್ಲರ ಮುಂದೆಯೇ ಗದರಿಸಬೇಕು ಅಂತ 1 ತಿಮೊಥೆ 5ರಲ್ಲೇ ಇದೆ. ಬೆದರಿಕೆ ಜಾಸ್ತಿಯಾದರೆ ಪೊಲೀಸರ ಹತ್ರ ಹೋಗೋದು ಪಾಪ ಅಲ್ಲ. ಪೌಲನೂ ರೋಮಿನ ಚಕ್ರವರ್ತಿ ಕೈಸರನಿಗೆ ಅಪೀಲು ಹೋದ. ಮಗಳ ಮದುವೆ ಒಬ್ಬರ ಕೈಯಲ್ಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ರಿಜಿಸ್ಟರ್ ಮದುವೆ ಆಗಬಹುದು, 30 ದಿನ ಮುಂಚೆ ನೋಟಿಸ್ ಕೊಡಬೇಕು. ಹುಡುಗನ ಮನೆಯವರಿಗೆ ಇದನ್ನು ಈಗಲೇ ಹೇಳಿಡಿ.