ಹೊಸ ಸ್ಮಾರ್ಟ್‌ವಾಚ್ ಇನ್ನೂ ಬಂದಿಲ್ಲ: ಕಾಯಬೇಕೋ, ಕ್ಯಾನ್ಸಲ್ ಮಾಡಬೇಕೋ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಪ್ರೀ-ಆರ್ಡರ್ ಮಾಡಿದ ವಾಚ್, ಹೇಳಿದ ತಾರೀಖು ದಾಟೇತಿ. ಟ್ರ್ಯಾಕಿಂಗ್‌ನಾಗ ‘ಲೇಬಲ್ ಕ್ರಿಯೇಟೆಡ್’ ಅಂತಷ್ಟ ಐತಿ, ಮುಂದ ಹೋಗವಲ್ದು. ಇಎಂಐ ಸುರು ಆಗೇತಿ. ಏನು ಮಾಡೋದ್ರಿ?

ಉತ್ತರ (ಧಾರವಾಡ): ಹಂಗಂದ್ರ ಚೀಟಿ ಪ್ರಿಂಟ್ ಆಗೇತಿ, ಡಬ್ಬಿ ಇನ್ನೂ ಕೊರಿಯರ್‌ನವರ ಕೈ ಸೇರಿಲ್ಲ. ‘ಪಿಕ್ಡ್ ಅಪ್’ ಬರೂತನಕಾ ಕೊರಿಯರ್ ಆಫೀಸಿಗೆ ಫೋನ್ ಹಚ್ಚಿ ಉಪಯೋಗಿಲ್ಲ, ಕೇಳಬೇಕಾದ್ದು ಮಾರಿದವ್ರನ್ನ. ಅದೂ ಇಮೇಲ್‌ನಾಗ: ಆರ್ಡರ್ ನಂಬರ್, ಹೇಳಿದ ತಾರೀಖಿನ ಸ್ಕ್ರೀನ್‌ಶಾಟ್, ‘ಇಂಥಾ ದಿನದೊಳಗ ಕಳಸ್ರಿ, ಇಲ್ಲಾಂದ್ರ ರೊಕ್ಕ ವಾಪಸ್ ಕೊಡ್ರಿ’ ಅಂತ ಒಂದು ಸಾಲು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರಿದ ಕಂಪನಿಯ ಕುಂದುಕೊರತೆ ಅಧಿಕಾರಿ 48 ತಾಸಿನೊಳಗ ದೂರು ಮುಟ್ಟೇತಿ ಅಂತ ತಿಳಿಸಬೇಕು, ಒಂದು ತಿಂಗಳೊಳಗ ಬಗೆಹರಿಸಬೇಕು. ಮಾಡ್ಲಿಲ್ಲಂದ್ರ ಗ್ರಾಹಕ ಸಹಾಯವಾಣಿ 1915ಕ್ಕ ಹಚ್ರಿ, ಆ ಇಮೇಲೇ ಪುರಾವೆ.

ಉತ್ತರ (ಗದಗ): ವಾಚ್ ಬಂದಿಲ್ಲಂತ ಕಂತು ಮಾತ್ರ ನಿಲ್ಲಿಸಬ್ಯಾಡ್ರಿ, ಸಿಬಿಲ್ ಸ್ಕೋರ್ ಕೆಡತೈತಿ. ಕ್ಯಾನ್ಸಲ್ ಮಾಡಿದ್ರ ರಿಫಂಡ್ ಬಂದ ಮ್ಯಾಲೆ ಇಎಂಐ ಮುಚ್ಚೇತೋ ಇಲ್ಲೋ ಬ್ಯಾಂಕಿನಾಗ ಕೇಳಿ ಖಾತ್ರಿ ಮಾಡ್ಕೋರಿ.

ಉತ್ತರ (ಹಾವೇರಿ): ಇಂಥಾ ಟೈಮಿನಾಗ ‘ವಿಳಾಸ ತಪ್ಪೈತಿ, 5 ರೂಪಾಯಿ ಕಟ್ರಿ’ ಅನ್ನೋ ಲಿಂಕ್ ಬರ್ತಾವು. ಒತ್ತಬ್ಯಾಡ್ರಿ, ಅದು ಮೋಸ. ವಾಚ್ ಬಂದಾಗ ಓಟಿಪಿ ಹೇಳೂಕಿಂತ ಮೊದಲ ಡಬ್ಬಿ ಸೀಲ್ ನೋಡ್ರಿ, ಬಿಚ್ಚೋದನ್ನ ನಡುವ ನಿಲ್ಲಿಸದ ವಿಡಿಯೋ ಮಾಡ್ರಿ. ಬಹಳ ದಿನ ಗೋಡೌನ್‌ನಾಗ ಇದ್ದದ್ರ ಬ್ಯಾಟರಿ ಪೂರಾ ಇಳಿದಿರಬಹುದು. ಆನ್ ಆಗಲಿಲ್ಲಂತ ಗಾಬರಿ ಆಗಬ್ಯಾಡ್ರಿ, ಅರ್ಧ ತಾಸು ಚಾರ್ಜಿಗೆ ಹಾಕಿ ನೋಡ್ರಿ. ವಾರಂಟಿ ಬಿಲ್ ತಾರೀಖಿನಿಂದ ಎಣಿಸಿದ್ರ, ಡೆಲಿವರಿ ತಾರೀಖಿಗೆ ಬದಲು ಮಾಡ್ರಿ ಅಂತ ಬಿಲ್ ಸಮೇತ ಬರೀರಿ.