ಕಿಡ್ನಿ ಕ್ಯಾನ್ಸರ್: ಆಪರೇಷನ್ ಆದ ಮೇಲೆ ಜೀನ್ ಟೆಸ್ಟ್ ಮಾಡಿಸಬೇಕಾ?

ಬದಿಯಡ್ಕದಿಂದ:
ಅಪ್ಪನಿಗೆ 61 ವರ್ಷ, ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮೂತ್ರ ಕೆಂಪಾಗಿ ಹೋದಾಗ ಬೀಟ್‌ರೂಟ್ ತಿಂದದ್ದಕ್ಕೆ ಅಂತ ಎರಡು ವಾರ ಸುಮ್ನಿದ್ದರು. ಕಲ್ಲಿರಬಹುದು ಅಂತ ಮಂಗಳೂರಲ್ಲಿ ಸ್ಕ್ಯಾನ್ ಮಾಡಿಸಿದರೆ ಎಡ ಕಿಡ್ನಿಯಲ್ಲಿ ಗಡ್ಡೆ. ಕಳೆದ ತಿಂಗಳು ಆಪರೇಷನ್ ಆಯಿತು. ರಿಪೋರ್ಟಲ್ಲಿ ಹೀಗಿದೆ: ಕ್ಲಿಯರ್ ಸೆಲ್ ಆರ್‌ಸಿಸಿ (ಕಿಡ್ನಿ ಕ್ಯಾನ್ಸರಿನ ಒಂದು ಬಗೆ), 5.2 ಸೆಂ.ಮೀ., ಪಿಟಿ1ಬಿ (ಗಡ್ಡೆ ಕಿಡ್ನಿಯೊಳಗೇ ಇರುವ ಹಂತ), ಗ್ರೇಡ್ 2 (ಕೋಶ ಎಷ್ಟು ಕೆಟ್ಟಿದೆ ಅನ್ನುವ ಅಳತೆ), ನೆಕ್ರೋಸಿಸ್ (ಗಡ್ಡೆಯೊಳಗೆ ಸತ್ತ ಭಾಗ) ಇಲ್ಲ, ಲಿಂಫ್ ಗ್ರಂಥಿಗೆ ಹೋಗಿಲ್ಲ. ಆರ್‌ಸಿಸಿ ಅಂತ ಕೇಳಿದ ಕೂಡಲೇ ಅಮ್ಮ, ಹಾಗಾದರೆ ತಿರುವನಂತಪುರಕ್ಕೆ ಹೋಗಬೇಕಾ ಅಂತ ಅತ್ತುಬಿಟ್ಟರು, ನಮ್ಮ ಕಡೆ ಆ ಮೂರಕ್ಷರ ಅಂದರೆ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ ತಾನೇ. ಈಗ ಗೆಳೆಯನೊಬ್ಬ ಜೀನ್ ಎಕ್ಸ್‌ಪ್ರೆಶನ್ ಟೆಸ್ಟ್ (ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುವುದು) ಮಾಡಿಸು, ಮತ್ತೆ ಬರುತ್ತದಾ ಅಂತ ಗೊತ್ತಾಗುತ್ತದೆ ಅನ್ನುತ್ತಿದ್ದಾನೆ. ಸಾಲ ಮಾಡಿಯಾದರೂ ಮಾಡಿಸಬೇಕಾ?

ಮಂಜೇಶ್ವರ, ಲ್ಯಾಬ್ ಕೆಲಸ:
ಸಾಲ ಮಾಡಬೇಡಿ. ನಿಮಗೆ ಬೇಕಾದ ಉತ್ತರ ಹೆಚ್ಚುಕಡಿಮೆ ಆ ರಿಪೋರ್ಟಲ್ಲೇ ಇದೆ. ಆಪರೇಷನ್ ನಂತರ ಕ್ಯಾನ್ಸರ್ ಬೇರೆಡೆ ಹರಡುವ ಅಪಾಯ ಅಂದಾಜು ಮಾಡಲು ಲೀಬೊವಿಚ್ ಸ್ಕೋರ್ ಅಂತ 2003ರದ್ದೊಂದು ಲೆಕ್ಕ ಇದೆ. ಪಿಟಿ1ಬಿಗೆ 2 ಅಂಕ, ಗಡ್ಡೆ 10 ಸೆಂ.ಮೀ. ಒಳಗಿದ್ದರೆ 0, ಗ್ರೇಡ್ 2ಕ್ಕೆ 0, ನೆಕ್ರೋಸಿಸ್ ಇಲ್ಲದ್ದಕ್ಕೆ 0, ಗ್ರಂಥಿಗೆ ಹೋಗದ್ದಕ್ಕೆ 0. ಒಟ್ಟು 2. 0ರಿಂದ 2 ಅಂದರೆ ಕಡಿಮೆ ಅಪಾಯದ ಗುಂಪು. ಆ ಅಧ್ಯಯನದಲ್ಲಿ ಈ ಗುಂಪಿನ ನೂರರಲ್ಲಿ 97 ಮಂದಿಗೆ 5 ವರ್ಷದವರೆಗೆ ಬೇರೆಡೆ ಹರಡಿರಲಿಲ್ಲ.

ಕುಂಬಳೆ:
ಹಾಗಂತ ಜೀನ್ ಕಥೆ ಸುಳ್ಳಲ್ಲ. ಈ ಬಗೆಯ ಕ್ಯಾನ್ಸರಲ್ಲಿ ಜಾಸ್ತಿ ಕೆಡುವುದು ವಿಎಚ್‌ಎಲ್ ಜೀನ್. ಅದು ಕೆಟ್ಟರೆ ಆಮ್ಲಜನಕ ಬೇಕಾದಷ್ಟಿದ್ದರೂ ಇಲ್ಲ ಅಂತ ಕೋಶ ತಿಳಿದುಕೊಳ್ಳುತ್ತದೆ, ತೋಟ ತುಂಬ ನೀರು ನಿಂತರೂ ಪಂಪ್ ಓಡುತ್ತಲೇ ಇದ್ದ ಹಾಗೆ. ವಿಇಜಿಎಫ್, ಸಿಎ9 ಜೀನ್‌ಗಳ ಕೆಲಸ ಜೋರಾಗುತ್ತದೆ, ಹೊಸ ರಕ್ತನಾಳ ಬೆಳೆಯುತ್ತವೆ. ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಮಾಡಿದಾಗ ಗಡ್ಡೆ ಬೆಳ್ಳಗೆ ಹೊಳೆಯುವುದು ಅದಕ್ಕೇ. ಗಡ್ಡೆ ಯಾವ ಜಾತಿ ಅಂತ ಅನುಮಾನ ಬಂದರೆ ಪೆಥಾಲಜಿಯವರು ಸಿಎ9 ಪ್ರೋಟೀನ್ ಇದೆಯಾ ಅಂತ ಬಣ್ಣ ಹಚ್ಚಿ ನೋಡುತ್ತಾರೆ. ಮರುಕಳಿಸುತ್ತದಾ ಅಂತ ಅಂದಾಜು ಮಾಡಲು 2014ರಲ್ಲಿ 34 ಜೀನ್‌ಗಳ ಗುಂಪು, 2015ರಲ್ಲಿ 16 ಜೀನ್‌ಗಳ ಸ್ಕೋರ್ ಬಂದವು. ಅಂದಾಜು ಚೆನ್ನಾಗಿಯೇ ಬಂತು. ಆದರೆ ಅದನ್ನು ನೋಡಿ ಚಿಕಿತ್ಸೆ ಬದಲಿಸುವ ಮಟ್ಟಕ್ಕೆ ಇನ್ನೂ ಬಂದಿಲ್ಲ. ಆಪರೇಷನ್ ನಂತರ ಪೆಂಬ್ರೊಲಿಜುಮಾಬ್ (ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿ) ಯಾರಿಗೆ ಕೊಡಬೇಕು ಅಂತ ನೋಡುವುದೂ ಹಂತ, ಗ್ರೇಡ್ ಮೇಲೆಯೇ. ನಿಮ್ಮಪ್ಪನ ರಿಪೋರ್ಟ್‌ಗೆ ಅದು ಬೇಕಾಗುವುದಿಲ್ಲ.

ಮಂಜೇಶ್ವರ, ಲ್ಯಾಬ್ ಕೆಲಸ:
ಒಂದು ಕೆಲಸ ಮಾತ್ರ ಮರೆಯದೆ ಮಾಡಿ. ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ಬ್ಲಾಕ್ ಅಂತಾರೆ. ಎಷ್ಟು ವರ್ಷ ಇಡುತ್ತಾರೆ ಅಂತ ಆಸ್ಪತ್ರೆಯಲ್ಲಿ ಕೇಳಿ. ಮುಂದೆ ಈ ಗಡ್ಡೆಯ ಜೀನ್ ಟೆಸ್ಟ್ ಬೇಕಾದರೆ ಸಾಮಾನ್ಯವಾಗಿ ಅದರಿಂದಲೇ ಆಗಬೇಕು. ವಂಶದಿಂದ ಬಂದಿದೆಯಾ ಅಂತ ನೋಡುವುದು ಬೇರೆ ಟೆಸ್ಟ್, ರಕ್ತದಲ್ಲಿ ಮಾಡುತ್ತಾರೆ. 46ರೊಳಗೆ ಬಂದಿದ್ದರೆ, ಎರಡೂ ಕಿಡ್ನಿಯಲ್ಲಿ ಗಡ್ಡೆ ಇದ್ದರೆ, ಹತ್ತಿರದ ರಕ್ತಸಂಬಂಧಿಗೂ ಇದೇ ಕ್ಯಾನ್ಸರ್ ಇದ್ದರೆ ಅದನ್ನು ಖಂಡಿತ ಡಾಕ್ಟರ ಹತ್ತಿರ ಮಾತಾಡಬೇಕು.

ಬದಿಯಡ್ಕದಿಂದ:
ಅಮ್ಮನಿಗೆ ಅಂಕ ಕೂಡಿಸಿ ತೋರಿಸಿದೆ, ಇವತ್ತು ಸರಿಯಾಗಿ ಊಟ ಮಾಡಿದರು. ಬ್ಲಾಕ್ ಬಗ್ಗೆ ಸೋಮವಾರ ಕೇಳುತ್ತೇನೆ. ಆದರೆ ನಿಮ್ಮ ಕೊನೆಯ ಮಾತು ಓದಿ ನೆನಪಾಯಿತು, ಅಪ್ಪನ ತಮ್ಮನಿಗೂ ಹಿಂದೆ ಒಂದು ಕಿಡ್ನಿ ತೆಗೆದಿದ್ದರು. ಕಲ್ಲಿಗೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಹಳೇ ಫೈಲ್ ಹುಡುಕಲು ಚಿಕ್ಕಮ್ಮನಿಗೆ ಹೇಳಿದ್ದೇನೆ.